ನನ್ನ ಎಂಜಿನ್ನು, ಅವಳ ಬಾಗಿಲು

ಅವಳನ್ನು ನಮ್ಮ ಆಫೀಸಿಗೆ ಕರೆತಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ನಾನು ಪಟ್ಟ ಹೊಟ್ಟೆಕಿಚ್ಚಿಗೆ ಬೇರೆ ಯಾರನ್ನೂ ದೂರುವ ಹಾಗಿರಲಿಲ್ಲ.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಸುತ್ತಮುತ್ತ ಕಬ್ಬಿಣದ ಎರಕ ಹೊಯ್ಯುವ ಫೌಂಡ್ರಿಗಳು, ಮೆಷಿನ್ ಶಾಪುಗಳು. ನಡುವೆ ಒಂದು ಕಟ್ಟಡದ ಮಹಡಿಯಲ್ಲಿ ನಾವು. ಕೆಳಗಿನ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಶುರುವಾದರೆ ನಮ್ಮ ಕಿಟಕಿಯ ಗಾಜುಗಳು ನಡುಗುತ್ತವೆ. ಆಗ ಫೋನಿನಲ್ಲಿ ಮಾತಾಡುತ್ತಿರುವವರು ಎದ್ದು ಮೆಟ್ಟಿಲ ಕಡೆ ಹೋಗುತ್ತಾರೆ. ನಮ್ಮ ಗಿರಾಕಿಗಳೂ ಇಂಥ ಕಾರ್ಖಾನೆಗಳವರೇ. ಅವರಲ್ಲಿ ಒಂದೊಂದು ಬಿಡಿಭಾಗಕ್ಕೂ ಒಂದು ಡ್ರಾಯಿಂಗ್ ಇರುತ್ತದೆ. ಅದು ತಿಂಗಳಿಗೆ ಹಲವು ಸಲ ಬದಲಾಗುತ್ತದೆ. ಒಂದು ತೂತಿನ ಅಳತೆ ಕೂದಲೆಳೆಯಷ್ಟು ಹೆಚ್ಚಾಗುತ್ತದೆ, ಒಂದು ಅಂಚು ದುಂಡಗಾಗುತ್ತದೆ. ಮೆಷಿನ್ ಮುಂದೆ ನಿಂತವನ ಕೈಯಲ್ಲಿ ಹಳೆಯ ಡ್ರಾಯಿಂಗ್ ಇದ್ದರೆ ಇಡೀ ಲಾಟು ಗುಜರಿಗೆ ಹೋಗುತ್ತದೆ. ಹಾಗಾಗದಂತೆ, ಯಾರು ಯಾವಾಗ ಏನು ತಿದ್ದಿದರೆಂಬುದನ್ನು ಹಳೆಯದು ಯಾವುದೂ ಅಳಿಸಿಹೋಗದ ಹಾಗೆ ಇಟ್ಟುಕೊಳ್ಳುವ ಸಿಸ್ಟಮ್ ನಮ್ಮದು. ನಮ್ಮ ಕಸುಬಿನಲ್ಲಿ ಇದಕ್ಕೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಅದರ ಎಂಜಿನ್ನು, ಅಂದರೆ ಒಳಗಿನ ಕೆಲಸವನ್ನೆಲ್ಲ ಮಾಡುವ ಭಾಗ, ನಾನು ವರ್ಷಗಟ್ಟಲೆ ಕೂತು ಬರೆದದ್ದು.

ಅವಳು ನನ್ನ ಗೆಳತಿ. ಇಬ್ಬರೂ ಶಂಕರಘಟ್ಟದಲ್ಲಿ ಎಂಸಿಎ ಓದಿದೆವು. ನಾನು ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವಳು ಭದ್ರಾವತಿಯಲ್ಲಿ ಹತ್ತುತ್ತಿದ್ದಳು. ನನ್ನ ಪಕ್ಕದಲ್ಲಿ ಅವಳಿಗೊಂದು ಸೀಟು ಹಿಡಿದಿರುತ್ತಿದ್ದೆ. ಪರೀಕ್ಷೆಯಲ್ಲಿ ಒಂದು ಸಲ ಅವಳು ಮುಂದಾದರೆ ಇನ್ನೊಂದು ಸಲ ನಾನು. ಅವಳ ತಂದೆಗೆ ಭದ್ರಾವತಿಯಲ್ಲಿ ಲಾರಿಗಳ ವೈರಿಂಗ್ ಮಾಡುವ ಅಂಗಡಿ ಇತ್ತು. ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ಕನ್ನಡ, ಕಾರ್ಖಾನೆ ಕ್ವಾರ್ಟರ್ಸಿನ ಗೆಳತಿಯರ ಜೊತೆ ತಮಿಳು. ಮೂರರಲ್ಲೂ ಒಂದೇ ವೇಗದಲ್ಲಿ ಮಾತಾಡುತ್ತಿದ್ದಳು. ಓದು ಮುಗಿದ ವರ್ಷವೇ ಅವಳ ಮದುವೆಯಾಯಿತು. ಆಮೇಲೆ ಮಕ್ಕಳು, ಅತ್ತೆಯ ಕಾಯಿಲೆ. ನಾವು ಸಿಗುವುದು ಹಬ್ಬಕ್ಕೋ ಯಾರದೋ ಮದುವೆಗೋ ಎಂಬಂತಾಯಿತು. ಅತ್ತೆ ತೀರಿಕೊಂಡ ಮೇಲೆ ಒಂದು ದಿನ ಅವಳೇ ಫೋನ್ ಮಾಡಿದಳು.

"ನಿಮ್ಮಲ್ಲಿ ಏನಾದ್ರೂ ಕೆಲಸ ಇದ್ಯೇನೇ? ಟೆಸ್ಟಿಂಗ್ ಆದ್ರೂ ಪರವಾಗಿಲ್ಲ. ಎಲ್ಲಾ ಮರ್ತುಹೋಗಿದೆ, ಆದ್ರೆ ಕಲ್ತ್ಕೋತೀನಿ."

ನಾನು ಕಂಪನಿಯ ಮಾಲೀಕರಾದ ಸರ್ ಹತ್ತಿರ ಹೋಗಿ ಅವಳ ಪರವಾಗಿ ಹೇಳಿದೆ. ನಿಜವಾಗಿಯೂ ಸಂತೋಷದಿಂದ ಹೇಳಿದೆ. ಅವಳಿಗೊಂದು ಉಪಕಾರ ಮಾಡುತ್ತಿದ್ದೇನೆ ಎಂಬ ಸುಖವೂ ಆ ಸಂತೋಷದಲ್ಲಿ ಸೇರಿತ್ತು. ನನ್ನ ಪಕ್ಕದ ಮೇಜನ್ನು ನಾನೇ ಒರೆಸಿ ಅವಳಿಗೆ ಸಿದ್ಧಮಾಡಿದೆ.

ಅದೇ ಸಮಯಕ್ಕೆ ಭದ್ರಾವತಿಯ ಕಡೆಯ ಒಂದು ದೊಡ್ಡ ಫೌಂಡ್ರಿಯಿಂದ ಬೇಡಿಕೆ ಬಂತು. ಅವರಲ್ಲಿ ಅವರದೇ ಪ್ರೋಗ್ರಾಮುಗಳಿದ್ದವು. ಆರ್ಡರ್ ನೋಡಿಕೊಳ್ಳಲು ಒಂದು, ಮೆಷಿನ್‌ಗಳಿಗೆ ಕೆಲಸ ಹಂಚಲು ಒಂದು. ಅವು ನಮ್ಮ ಸಿಸ್ಟಮ್‌ನಿಂದ ಡ್ರಾಯಿಂಗ್‌ಗಳನ್ನು ನೇರವಾಗಿ ತೆಗೆದುಕೊಳ್ಳಬೇಕು, ತಿದ್ದಿದ್ದನ್ನು ವಾಪಸ್ ಇಡಬೇಕು. ನಡುವೆ ಮನುಷ್ಯರು ಕೂತು ಗುಂಡಿ ಒತ್ತುವಂತಿರಬಾರದು. ಅಂದರೆ ಒಂದು ಪ್ರೋಗ್ರಾಮ್ ಇನ್ನೊಂದರ ಜೊತೆ ಮಾತಾಡಲು ಒಂದು ಬಾಗಿಲು ಬೇಕು. ಅದಕ್ಕೆ ಎಪಿಐ ಎನ್ನುತ್ತೇವೆ. ಯಾವ ಯಾವ ಕರೆಗಳನ್ನು, ಅಂದರೆ ಹೊರಗಿನ ಪ್ರೋಗ್ರಾಮ್ ನಮ್ಮದಕ್ಕೆ ಹೇಳಬಹುದಾದ ಅಪ್ಪಣೆಗಳನ್ನು, ಕೊಡಬೇಕು, ಅವಕ್ಕೆ ಏನು ಹೆಸರು, ಕರೆದವರು ಏನು ಹೇಳಬೇಕು, ನಾವು ಏನು ವಾಪಸ್ ಕೊಡಬೇಕು ಎಂಬುದನ್ನೆಲ್ಲ ಮೊದಲೇ ತೀರ್ಮಾನಿಸಬೇಕು. ಒಮ್ಮೆ ಹೊರಗೆ ಕೊಟ್ಟರೆ ಬದಲಾಯಿಸುವುದು ಕಷ್ಟ. ಅವರ ಪ್ರೋಗ್ರಾಮುಗಳೆಲ್ಲ ನಮ್ಮ ಮಾತನ್ನು ನಂಬಿ ನಿಂತಿರುತ್ತವೆ.

ಇದು ನನ್ನ ಕೆಲಸವೇ ಎಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ತಿಂಗಳುಗಟ್ಟಲೆ ಕೂತು ಮಾಡಿದೆ. ಎಂಜಿನ್ನಿನ ಒಳಗಿನ ಪ್ರತಿಯೊಂದು ಅಂಗಕ್ಕೂ ಒಂದೊಂದು ಕರೆ ಕೊಟ್ಟೆ. ಡ್ರಾಯಿಂಗ್‌ಗಳನ್ನೆಲ್ಲ ಇಟ್ಟಿರುವ ಭಂಡಾರ ತೆರೆಯಲು ಒಂದು, ಇತ್ತೀಚಿನ ಆವೃತ್ತಿಯ ಗುರುತು ಕೇಳಲು ಒಂದು, ಆ ಗುರುತಿನಿಂದ ಫೋಲ್ಡರುಗಳ ರಚನೆ ಓದಲು ಒಂದು, ಅದರೊಳಗೆ ಡ್ರಾಯಿಂಗ್ ಹುಡುಕಲು ಒಂದು. ಏನೂ ಮುಚ್ಚಿಟ್ಟಿರಲಿಲ್ಲ. ಬಳಸುವವರು ಏನು ಬೇಕಾದರೂ ಮಾಡಬಹುದಿತ್ತು. ನನ್ನ ಇಷ್ಟು ವರ್ಷಗಳ ಕೆಲಸ ಕೊನೆಗೂ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಸರ್ ಹೊಸಬಳಾದ ಅವಳಿಗೆ ಒಂದು ಚಿಕ್ಕ ಕೆಲಸ ಕೊಟ್ಟರು. ನನ್ನ ಎಪಿಐ ಬಳಸಿ ಒಂದು ಮಾದರಿ ಪ್ರೋಗ್ರಾಮ್ ಬರೆಯಬೇಕು, ಫೌಂಡ್ರಿಯವರು ಅದನ್ನು ನೋಡಿ ಕಲಿಯುತ್ತಾರೆ.

ಅವಳು ಎರಡು ದಿನ ತಲೆ ತಗ್ಗಿಸಿ ಬರೆದಳು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

"ಒಂದು ಕೇಳ್ಲಾ? ಬೈಬೇಡ."

"ಕೇಳು."

"ನಂಗೆ ಬೇಕಾಗಿರೋದು ಒಂದು ಡ್ರಾಯಿಂಗು. ಈ ಫೋಲ್ಡರ್ ರಚನೆ ನಂಗ್ಯಾಕೆ ಬೇಕು?"

"ಅದ್ರೊಳಗೇ ಅಲ್ವಾ ಡ್ರಾಯಿಂಗ್ ಇರೋದು?"

"ಅದು ನಿಂಗೊತ್ತು ಮಾರಾಯ್ತಿ. ನಂಗ್ಯಾಕೆ ಗೊತ್ತಿರ್ಬೇಕು?"

ಅವಳಿಗೆ ಅರ್ಥವಾಗಿಲ್ಲ ಎಂದುಕೊಂಡೆ. ಇಷ್ಟು ವರ್ಷ ಮನೆಯಲ್ಲಿದ್ದವಳು, ಪಾಪ, ಎಂದು ಮೊದಲಿಂದ ಎಲ್ಲ ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿದಳು. ಆಮೇಲೆ ಪ್ರಿಂಟರ್‌ನಿಂದ ಒಂದು ಹಾಳೆ ಎಳೆದುಕೊಂಡು ಏನೋ ಗೀಚತೊಡಗಿದಳು. ಅವಳು ಬರೆಯುತ್ತಿದ್ದದ್ದು ಇನ್ನೂ ಹುಟ್ಟಿಯೇ ಇರದ ಎಪಿಐ ಒಂದನ್ನು ಬಳಸುವ ಪ್ರೋಗ್ರಾಮ್. ಫೌಂಡ್ರಿಯ ಎಂಜಿನಿಯರಿಗೆ ಏನು ಹೇಳಬೇಕೆನ್ನಿಸುತ್ತದೋ ಅದನ್ನು ಅವನು ಹೇಳುವ ಹಾಗೆಯೇ ಮೊದಲು ಬರೆದುಕೊಂಡಳು. ಈ ಭಾಗದ ಡ್ರಾಯಿಂಗ್ ಕೊಡು. ಇದನ್ನು ಇಡು. ಇದರ ಇತಿಹಾಸ ತೋರಿಸು. ಹಾಗೆ ಹೇಳಿದರೆ ಸಾಕಾಗಬೇಕಾದರೆ ಯಾವ ಕರೆಗಳು ಬೇಕು ಎಂದು ಅಲ್ಲಿಂದ ಹಿಂದಕ್ಕೆ ಯೋಚಿಸಿದಳು.

ಅದನ್ನು ಅವಳು ಮೀಟಿಂಗಿನಲ್ಲಿ ತೋರಿಸಿದ್ದು ಸಹ ನನ್ನನ್ನು ಕೇಳಿಯೇ. "ಸುಮ್ನೆ ಹಿಂಗೊಂದು ಯೋಚ್ನೆ ಬಂತು, ಹೇಳ್ಲಾ?" ಎಂದಳು. ಹೇಳು, ಅದಕ್ಕೇನು ಎಂದೆ. ಯಾರಾದರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬಹುದು ಎಂದು ನನಗೆ ಅನ್ನಿಸಿರಲೇ ಇಲ್ಲ.

ಸರ್ ಎರಡನ್ನೂ ಗೋಡೆಯ ಮೇಲೆ ಪಕ್ಕಪಕ್ಕ ಹಾಕಿ ನೋಡಿದರು. ಒಂದು ಡ್ರಾಯಿಂಗ್ ತರಲು ನನ್ನದರಲ್ಲಿ ಪರದೆ ತುಂಬ ಸಾಲುಗಳು. ಅವಳದರಲ್ಲಿ ಒಂದು ಸಾಲು. ಅವರು ಎರಡನ್ನೂ ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದರು. ಆಮೇಲೆ ನನ್ನ ಕಡೆ ನೋಡದೆ, "ಫೌಂಡ್ರಿಯೋರಿಗೆ ಇದೇ ಕೊಡೋಣ. ಮೇಡಂ, ನಿಮ್ಮದು ಒಳಗಡೆ ಹಂಗೇ ಇರ್ಲಿ, ಅದ್ರ ಮೇಲೆ ಇವ್ರು ಕಟ್ಲಿ" ಎಂದರು.

"ಸರಿ ಸರ್," ಎಂದೆ.

ಅವತ್ತು ಶಿವಮೊಗ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಹೊರಗೆ ಏನು ಕಂಡಿತೋ ನೆನಪಿಲ್ಲ. ಎದೆಯ ಕೆಳಗೆ ಬಿಸಿ ಇಡ್ಲಿಯನ್ನು ಅಗಿಯದೆ ನುಂಗಿದ ಹಾಗೆ ಒಂದು ಉರಿ. ಅವಳ ವಿನ್ಯಾಸ ಕೆಟ್ಟದಾಗಿದ್ದು ಸರ್ ಅದನ್ನು ಮೆಚ್ಚಿದ್ದರೆ ಸಿಟ್ಟು ಬರುತ್ತಿತ್ತು, ಸಿಟ್ಟನ್ನು ತಡೆದುಕೊಳ್ಳಬಹುದಿತ್ತು. ಅದು ಚೆನ್ನಾಗಿತ್ತು. ಗೋಡೆಯ ಮೇಲೆ ನೋಡಿದ ಕ್ಷಣವೇ ಅದು ನನಗೆ ಗೊತ್ತಾಗಿತ್ತು. ನಾನು ತಿಂಗಳುಗಟ್ಟಲೆ ಕಾಣದಿದ್ದದ್ದು ಮಕ್ಕಳನ್ನು ಶಾಲೆಗೆ ಕಳಿಸಿ ಬಂದವಳೊಬ್ಬಳಿಗೆ ಎರಡು ದಿನದಲ್ಲಿ ಕಂಡಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡನ ಹತ್ತಿರ ಎಲ್ಲ ಹೇಳಿದೆ. ಅವರು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಗಮನವಿಟ್ಟು ಕೇಳಿದರು. ಕೊನೆಗೆ, "ಹಂಗಾದ್ರೆ ಅವಳು ಮಾಡಿದ್ದೇ ವಾಸಿ ಅಲ್ವಾ?" ಎಂದರು.

ಅವರು ಎರಡನೇ ಸಲ ಸಾರು ಕೇಳಿದಾಗ, ಪಾತ್ರೆ ಅಲ್ಲೇ ಇದೆ ಬಡಿಸಿಕೊಳ್ಳಿ ಎಂದು ಎದ್ದುಹೋದೆ.

ಮುಂದಿನ ವಾರಗಳಲ್ಲಿ ನನಗೆ ಅವಳ ಎಲ್ಲದರಲ್ಲೂ ತಪ್ಪು ಕಾಣತೊಡಗಿತು. ಅವಳು ಕೀಬೋರ್ಡ್ ಕುಟ್ಟುವ ಸದ್ದು ಜಾಸ್ತಿ. ಮಗಳ ಜೊತೆ ಫೋನಿನಲ್ಲಿ ನಗುವುದು ಜಾಸ್ತಿ. ಊಟದ ಡಬ್ಬಿ ತೆರೆದರೆ ಆಫೀಸಿನವರೆಲ್ಲ ಅವಳ ಮೇಜಿಗೆ ಬರುತ್ತಿದ್ದರು, ಅದೂ ಜಾಸ್ತಿ. ಮೊದಲು ನನ್ನನ್ನು ಕೇಳುತ್ತಿದ್ದ ಹುಡುಗಿಯರು ಈಗ ಅವಳನ್ನು ಕೇಳುತ್ತಿದ್ದರು. ಅವಳು ಉತ್ತರ ಹೇಳಿ, "ಸರಿ ಇದ್ಯಾ ಅಂತ ಅವಳನ್ನ ಒಂದ್ಸಲ ಕೇಳ್ಬಿಡಿ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದಳು. ಅದಂತೂ ಸಹಿಸಲಾಗುತ್ತಿರಲಿಲ್ಲ.

ಅವಳು ಬರೆದ ಕೋಡನ್ನು ನಾನು ಓದುತ್ತಿದ್ದ ಹಾಗೆ ಜೀವಮಾನದಲ್ಲಿ ಬೇರೆ ಯಾರದನ್ನೂ ಓದಿಲ್ಲ. ಸಾಲು ಸಾಲನ್ನೂ ಬೆರಳಿಟ್ಟು ಓದಿದೆ. ಎಲ್ಲೋ ಒಂದು ಕಡೆ ಎಡವಿರಲೇಬೇಕು. ಎಡವಿದ್ದಳು.

ಡ್ರಾಯಿಂಗ್ ಇಡುವ ಅವಳ ಕರೆ ಬಹಳ ಸರಳವಾಗಿತ್ತು. ಭಾಗದ ಹೆಸರು ಹೇಳಿ ಹೊಸ ಡ್ರಾಯಿಂಗ್ ಕೊಟ್ಟರೆ ಮುಗಿಯಿತು. ಆದರೆ ಇಬ್ಬರು ಒಂದೇ ಡ್ರಾಯಿಂಗನ್ನು ತೆಗೆದುಕೊಂಡಿದ್ದರೆ? ಒಬ್ಬ ಬೆಳಿಗ್ಗೆ ತೂತಿನ ಅಳತೆ ತಿದ್ದಿ ಇಡುತ್ತಾನೆ. ಇನ್ನೊಬ್ಬ ಅದನ್ನು ನೋಡದೆ, ತನ್ನಲ್ಲಿದ್ದ ಹಳೆಯದರ ಮೇಲೆ ಅಂಚು ತಿದ್ದಿ ಮಧ್ಯಾಹ್ನ ಇಡುತ್ತಾನೆ. ಈಗ ಹೊಸದು ಎಂದು ನಿಲ್ಲುವ ಪ್ರತಿಯಲ್ಲಿ ಅಂಚು ಸರಿ, ತೂತು ಹಳೆಯದು. ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಸಿಸ್ಟಮ್ ಯಾವುದನ್ನು ತಡೆಯಲು ಹುಟ್ಟಿತೋ ಅದೇ ಅನಾಹುತಕ್ಕೆ ಅವಳ ಬಾಗಿಲು ದಾರಿ ಮಾಡಿಕೊಟ್ಟಿತ್ತು. ನನ್ನ ಉದ್ದನೆಯ ದಾರಿಯಲ್ಲಿ ಹೀಗಾಗುತ್ತಿರಲಿಲ್ಲ. ಅಲ್ಲಿ ಪ್ರತಿ ಹೆಜ್ಜೆಗೂ ಯಾವ ಆವೃತ್ತಿಯ ಮೇಲೆ ಕೆಲಸ ಮಾಡುತ್ತಿದ್ದೇವೆಂದು ಹೇಳಲೇಬೇಕಿತ್ತು.

ಆ ದಿನ ನನಗಾದ ಸಂತೋಷ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಫೌಂಡ್ರಿಗೆ ಕೊಡುವ ಮೊದಲು ಎಲ್ಲರೂ ಕೂತು ಪರಿಶೀಲಿಸುವ ಮೀಟಿಂಗ್ ಇತ್ತು. ನನ್ನ ಸರದಿ ಬಂದಾಗ ಎದ್ದು ನಿಂತು ಬೋರ್ಡಿನ ಮೇಲೆ ಬರೆದು ತೋರಿಸಿದೆ. ಬೆಳಿಗ್ಗೆಯವನು, ಮಧ್ಯಾಹ್ನದವನು, ತೂತು, ಅಂಚು.

"ಈ ಎಪಿಐ ಹೀಗೇ ಹೊರಗೆ ಹೋದ್ರೆ ಮೊದಲ ತಿಂಗಳಲ್ಲೇ ಅವ್ರ ಲಾಟು ಗುಜರಿಗೆ," ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆ. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಅವಳ ಮುಖ ನೋಡಿದೆ. ಅದು ಬಾಡುವುದನ್ನು ನೋಡಬೇಕೆಂದೇ ನೋಡಿದೆ.

ಅವಳ ಕಣ್ಣುಗಳು ಅರಳಿದವು.

"ಯಾ ಅಲ್ಲಾ, ಹೌದಲ್ವೇನೇ!" ಎಂದು ಎದ್ದು ಬಂದಳು. "ಇದು ನಂಗೆ ಹೊಳೀಲೇ ಇಲ್ಲ ನೋಡು. ಒಳ್ಳೇದಾಯ್ತು ನೀನು ಹಿಡಿದೆ. ಅವ್ರಿಗೆ ಕೊಟ್ಟಿದ್ರೆ ಏನು ಗತಿ ಆಗ್ತಿತ್ತು!"

ನನ್ನ ಕೈಯಿಂದ ಪೆನ್ನು ಇಸಿದುಕೊಂಡು ನಾನು ಬರೆದದ್ದರ ಕೆಳಗೇ ಬರೆಯತೊಡಗಿದಳು. ಬರೆಯುತ್ತಾ ಜೋರಾಗಿ ಯೋಚಿಸುತ್ತಿದ್ದಳು. "ನಿನ್ನ ಎಂಜಿನ್ನಲ್ಲಿ ಪ್ರತಿ ಆವೃತ್ತಿಗೂ ಒಂದು ಗುರುತು ಇದ್ದೇ ಇದ್ಯಲ್ಲ. ಡ್ರಾಯಿಂಗ್ ಕೊಡುವಾಗ ಆ ಗುರುತನ್ನೂ ಜೊತೇಲಿ ಕೊಟ್ಬಿಡೋಣ, ಚಪ್ಪಲಿ ಸ್ಟ್ಯಾಂಡಲ್ಲಿ ಟೋಕನ್ ಕೊಡ್ತಾರಲ್ಲ ಹಂಗೆ. ವಾಪಸ್ ಇಡುವಾಗ ಅದನ್ನ ತೋರಿಸ್ಲಿ. ಅಷ್ಟರಲ್ಲಿ ಬೇರೆ ಯಾರೋ ಇಟ್ಟಿದ್ರೆ ಗುರುತು ಬದಲಾಗಿರುತ್ತೆ. ಆಗ ನಾವು, ಸ್ವಾಮಿ, ಹೊಸದು ಬಂದಿದೆ, ಅದನ್ನ ನೋಡ್ಕೊಂಡು ಬನ್ನಿ ಅಂತ ವಾಪಸ್ ಕಳಿಸೋದು."

ಕೋಣೆಯಲ್ಲಿ ಎಲ್ಲರೂ ನಕ್ಕರು. ಕೊಡುವ ಮತ್ತು ಇಡುವ ಕರೆಗಳಿಗೆ ಆ ಗುರುತೊಂದು ಸೇರಿತು. ಉಳಿದದ್ದೆಲ್ಲ ಹಾಗೇ ಸರಳವಾಗಿ ಉಳಿಯಿತು. ಕಷ್ಟಪಟ್ಟು ನಾನು ಹುಡುಕಿದ ತಪ್ಪು ನನ್ನ ಕಣ್ಣೆದುರಿಗೇ ಅವಳ ಇನ್ನೊಂದು ಜಾಣತನವಾಗಿ ಬದಲಾಯಿತು. ಸರ್ ನನ್ನನ್ನೂ ಹೊಗಳಿದರು. "ಹಿಂಗೆ ಓದೋರು ಬೇಕು ನಮಗೆ," ಎಂದರು. ನನಗೆ ಅದು ಕಿವಿಗೆ ಬಿದ್ದೂ ಬೀಳಲಿಲ್ಲ. ಅವಳಿಗೆ ನೋವಾಗಲಿಲ್ಲ ಎಂಬುದೇ ಕೊರೆಯುತ್ತಿತ್ತು. ನನ್ನ ತಪ್ಪನ್ನು ನಾಲ್ಕು ಜನರ ಮುಂದೆ ಯಾರಾದರೂ ಹಾಗೆ ಬಿಡಿಸಿ ಇಟ್ಟಿದ್ದರೆ ನಾನು ಒಂದು ವಾರ ಮಾತು ಬಿಡುತ್ತಿದ್ದೆ. ಅವಳಿಗೆ ಆ ಕಷ್ಟವೇ ಇಲ್ಲ. ಈಗ ಅದರ ಮೇಲೂ ಹೊಟ್ಟೆಕಿಚ್ಚು.

ಫೌಂಡ್ರಿಯಲ್ಲಿ ಎಲ್ಲವನ್ನೂ ಜೋಡಿಸಲು ಇಬ್ಬರೂ ಹೋದೆವು. ಅಲ್ಲಿಯ ಎಂಜಿನಿಯರ್ ಒಬ್ಬರು ಗೇಟಿಗೇ ಬಂದು ನಿಂತಿದ್ದರು. ಅವಳು ಕಳಿಸಿದ್ದ ಮಾದರಿಯನ್ನು ನೋಡಿಕೊಂಡು ಅವರ ಪ್ರೋಗ್ರಾಮನ್ನು ಅವರೇ ಆಗಲೇ ಅರ್ಧ ಬರೆದಿದ್ದರು. "ನಮ್ಮ ಭಾಷೇಲೇ ಮಾತಾಡ್ದಂಗಿದೆ ಮೇಡಂ," ಎಂದು ಅವಳಿಗೆ ಹೇಳಿ, ನನ್ನ ಕಡೆ ತಿರುಗಿ, "ನೀವೂ ಇವ್ರ ಟೀಮಾ?" ಎಂದರು.

"ಎಂಜಿನ್ನು ಪೂರ್ತಿ ಇವ್ರದ್ದು," ಎಂದಳು ಅವಳು. "ನಾನು ಬಾಗಿಲು ಮಾತ್ರ."

ಅವರು "ಓಹೋ" ಎಂದರು. ಆದರೆ ದಿನವಿಡೀ ಪ್ರಶ್ನೆ ಕೇಳಿದ್ದು ಅವಳನ್ನೇ. ಒಳಗೆ ಎಂಜಿನ್ನು ಚೆನ್ನಾಗಿ ನಡೆಯುತ್ತಿದ್ದರೆ ಅದರ ಬಗ್ಗೆ ಕೇಳುವುದಾದರೂ ಏನಿರುತ್ತದೆ?

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಅವಳು ಶಿವಮೊಗ್ಗಕ್ಕೆ ಬಂದಳು. ನಾದಿನಿಯ ಮದುವೆಗೆ ಬಟ್ಟೆ ತೆಗೆಯಬೇಕಿತ್ತು. ನನ್ನನ್ನೂ ಗಾಂಧಿ ಬಜಾರಿಗೆ ಎಳೆದುಕೊಂಡು ಹೋದಳು. ಅಂಗಡಿಯಿಂದ ಅಂಗಡಿಗೆ ಸುತ್ತಿ ಕಾಲು ಸೋತು, ಬಟ್ಟೆಯ ಕವರುಗಳನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಕಡೆ ಜ್ಯೂಸ್ ಕುಡಿಯುತ್ತಾ ಕೂತೆವು. ಅವಳು ಏನೋ ಹೇಳಿಕೊಂಡು ನಗುತ್ತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ನಂಗೆ ನಿನ್ನ ಮೇಲೆ ಹೊಟ್ಟೆಕಿಚ್ಚು ಕಣೇ," ಎಂದೆ.

ಅವಳು ಸ್ಟ್ರಾ ಬಾಯಿಂದ ತೆಗೆದಳು. "ಏನು?"

"ಹೊಟ್ಟೆಕಿಚ್ಚು. ನೀನು ಬಂದಾಗಿಂದ. ಆ ಎಪಿಐ ನೋಡಿದಾಗಿಂದ. ನಿನ್ನ ತಪ್ಪು ಹಿಡಿದಿದ್ದೂ ಅದಕ್ಕೇ."

ಹೇಳಿ ಮುಗಿಸಿ ಗ್ಲಾಸನ್ನೇ ನೋಡುತ್ತಾ ಕೂತೆ. ಅವಳೂ ಏನಾದರೂ ಹೇಳುತ್ತಾಳೆ ಎಂದು ಮನಸ್ಸು ಕಾಯುತ್ತಿತ್ತು. ಮನೆಯಲ್ಲೇ ಇದ್ದ ಅಷ್ಟೂ ವರ್ಷ ನಿನ್ನನ್ನು ನೆನೆಸಿಕೊಂಡು ನನಗೂ ಹೊಟ್ಟೆ ಉರಿಯುತ್ತಿತ್ತು ಎಂದು ಹೇಳಿದ್ದರೆ ಸಾಕಿತ್ತು, ಇಬ್ಬರದ್ದೂ ಸರಿಹೋಗುತ್ತಿತ್ತು. ಅವಳು ಹೇಳಲಿಲ್ಲ. ಕೊನೆಗೆ ನಾನೇ ಕೇಳಿದೆ. "ನಿಂಗೆ ಯಾವತ್ತೂ ನನ್ನ ಮೇಲೆ ಹಂಗೆ ಅನ್ಸಿಲ್ವಾ? ನಾನು ಕೆಲಸಕ್ಕೆ ಹೋಗ್ತಿದ್ದಾಗ?"

ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಇಲ್ಲ ಮಾರಾಯ್ತಿ. ಸುಳ್ಳು ಯಾಕೆ ಹೇಳ್ಲಿ? ಆಗ ನೀನು ನೆನಪಾಗ್ತಾನೇ ಇರ್ಲಿಲ್ಲ. ಅತ್ತೆ ಇನ್ಸುಲಿನ್ನು, ಮಕ್ಕಳ ಹೋಂವರ್ಕು, ಅದ್ರಲ್ಲೇ ಹೊತ್ತು ಹೋಗೋದು."

ಆಮೇಲೆ ಅವಳ ಮುಖದಲ್ಲಿ ಮೆಲ್ಲಗೆ ಒಂದು ನಗು ಹರಡಿತು.

"ನನ್ನ ಮೇಲೆ ಹೊಟ್ಟೆಕಿಚ್ಚಾ? ನಿಜವಾಗ್ಲೂ?"

"ಮತ್ತೆ ಸುಳ್ಳಾ?"

"ಮದ್ವೆ ಆದ್ಮೇಲೆ ಯಾರೂ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದಿಲ್ಲ ಕಣೇ. ಅಯ್ಯೋ ಪಾಪ ಅನ್ನೋರೇ ಎಲ್ಲಾ. ಇಷ್ಟು ಓದಿ ಮನೇಲಿದಾಳಲ್ಲ, ಪಾಪ. ಅತ್ತೆ ಸೇವೆ ಮಾಡ್ತಾಳಲ್ಲ, ಪಾಪ." ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹೇಳು, ಹೇಳು. ಯಾವಾಗ ಶುರುವಾಯ್ತು? ಎಲ್ಲಾ ಹೇಳು."

ಅವಳು ಕಾಯುತ್ತಿದ್ದಳು, ಹುಟ್ಟುಹಬ್ಬದ ಉಡುಗೊರೆ ಬಿಚ್ಚುವವಳ ಹಾಗೆ. ನಾನು ಹೇಳಿದೆ. ಕೀಬೋರ್ಡಿನ ಸದ್ದು, ಊಟದ ಡಬ್ಬಿ, ನನ್ನ ಗಂಡ ಮತ್ತು ಸಾರು, ಎಲ್ಲ. ಸಾರಿನ ಮಾತಿಗೆ ಅವಳು ನಕ್ಕ ನಗುವಿಗೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ಹಿಂದಿನ "ಪಾಪ"ಗಳಲ್ಲಿ ನನ್ನದೂ ಒಂದಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಅವಳಿಗೆ ಗೊತ್ತಿತ್ತೇನೋ.

ಹೇಳಿಕೊಂಡ ಮಾತ್ರಕ್ಕೆ ಹೊಟ್ಟೆಕಿಚ್ಚು ಹೋಗಲಿಲ್ಲ. ಆ ವರ್ಷದ ಕೊನೆಗೆ ಸರ್ ಅವಳನ್ನು ಎಪಿಐ ಕೆಲಸಕ್ಕೆಲ್ಲ ಮುಖ್ಯಸ್ಥೆ ಮಾಡಿದಾಗ ಅದೇ ಉರಿ ಅದೇ ಜಾಗದಲ್ಲಿ ಬಂತು. ಆದರೆ ಈಗ ಅದನ್ನು ಒಬ್ಬಳೇ ಹೊತ್ತುಕೊಂಡು ತಿರುಗಬೇಕಾಗಿರಲಿಲ್ಲ. ಅವಳ ಮೇಜಿನ ಹತ್ತಿರ ಹೋಗಿ, "ಇವತ್ತು ಜೋರಾಗಿದೆ" ಎಂದರೆ ಅವಳು ನಕ್ಕು ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಿದ್ದಳು.

ಈ ಬೇಸಿಗೆಯಲ್ಲಿ ಎಪಿಐನ ಎರಡನೇ ಆವೃತ್ತಿ ಹೊರಬಂತು. ಮೊದಲ ಆವೃತ್ತಿಯಲ್ಲಿ ಹೊರಗಿನವರಿಗೂ ತೆರೆದೇ ಉಳಿದಿದ್ದ ನನ್ನ ಹಳೆಯ ಉದ್ದನೆಯ ಕರೆಗಳನ್ನು ಯಾರೂ ಬಳಸುತ್ತಿಲ್ಲ, ಹೊರಗಿನವರಿಗೆ ಮುಚ್ಚಿಬಿಡೋಣ ಎಂದು ತೀರ್ಮಾನವಾಗಿತ್ತು. "ನಾನು ತೆಗೀಲಾ?" ಎಂದು ಅವಳು ಮೆತ್ತಗೆ ಕೇಳಿದಳು. ಬೇಡ ಎಂದು ನಾನೇ ತೆಗೆದೆ. ಹೊಸ ಆವೃತ್ತಿ ಹೊರಬಂದ ವಾರದಲ್ಲೇ ಶಿವಮೊಗ್ಗದ ಒಂದು ಗೇರ್ ವರ್ಕ್‌ಶಾಪಿನ ಮಾಲೀಕರಿಂದ ಫೋನ್ ಬಂತು. ಅವರು ಸ್ವತಃ ಪ್ರೋಗ್ರಾಮ್ ಬರೆಯುವವರು.

"ಏನ್ ಮೇಡಂ, ನನ್ನ ಪ್ರೋಗ್ರಾಮೆಲ್ಲಾ ನಿಂತೋಗಿದೆ! ಆ ಹಳೇ ಕರೆಗಳೆಲ್ಲಾ ಎಲ್ಲಿ ಹೋದ್ವು?"

"ನೀವು ಅವನ್ನ ಬಳಸ್ತಿದ್ರಾ?"

"ಅವನ್ನೇ ಬಳಸ್ತಿದ್ದಿದ್ದು. ಎರಡು ಆವೃತ್ತಿಗಳ ನಡುವೆ ಯಾವ್ಯಾವ ಫೋಲ್ಡರ್ ಬದಲಾಯ್ತು ಅಂತ ನಾನು ಒಳಗಿಂದಾನೇ ನೋಡ್ಬೇಕು. ಹೊಸದ್ರಲ್ಲಿ ಒಳಗೆ ಹೋಗಕ್ಕೇ ಬಿಡಲ್ವಲ್ಲ ನೀವು."

ನಾನು ಫೋನನ್ನು ಸ್ಪೀಕರಿಗೆ ಹಾಕಿದೆ. ಇನ್ನೊಂದು ಸಲ ಹೇಳಿ ಸರ್, ಇಲ್ಲಿ ಗ್ರೈಂಡರ್ ಸದ್ದು, ಎಂದೆ. ಸದ್ದು ಇರಲಿಲ್ಲ. ಅವರು ಪೂರ್ತಿ ಮತ್ತೆ ಹೇಳಿದರು. ಅವಳು ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೇಳಿದಳು.

ಫೋನ್ ಇಟ್ಟ ಮೇಲೆ ತನ್ನ ಪರದೆಯಲ್ಲಿ ಏನೋ ತೆರೆದು ನೋಡಿದಳು. ಆಮೇಲೆ, "ನಮ್ಮ ಹಿಸ್ಟರಿ ಕರೆಯಲ್ಲೇ ಅವ್ರಿಗೆ ಬೇಕಾಗಿದ್ದು ಸಿಗ್ತಿತ್ತಲ್ಲ?" ಎಂದಳು.

"ಸಿಗಲ್ಲ."

"ಅರ್ಧ ಸಿಗುತ್ತೆ."

"ಅರ್ಧ ಸಿಗುತ್ತೆ," ಎಂದು ಒಪ್ಪಿಕೊಂಡೆ.

"ನನ್ನದು ಒಂದ್ಸಲ ಬಳಸಿ ನೋಡ್ಬಹುದಿತ್ತು ಅವ್ರು," ಎಂದಳು. ಹುಬ್ಬು ಸ್ವಲ್ಪ ಗಂಟಿಕ್ಕಿತ್ತು, ಕೆಳದುಟಿ ಒಳಗೆ ಹೋಗಿತ್ತು. ಆ ಮುಖವನ್ನು ಅವಳಲ್ಲಿ ನಾನು ಅವತ್ತಿನವರೆಗೆ ನೋಡಿರಲಿಲ್ಲ. ಕುರ್ಚಿಗೆ ಒರಗಿ ಅದನ್ನು ಚೆನ್ನಾಗಿ ನೋಡಿದೆ.

ತೆಗೆದುಹಾಕಿದ ಕರೆಗಳನ್ನು ಹಳೆಯ ಆವೃತ್ತಿಯಿಂದ ಹುಡುಕಿ ವಾಪಸ್ ಹಾಕುವ ಕೆಲಸಕ್ಕೆ ಇಬ್ಬರೂ ಕೂತೆವು. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಗೇರ್ ವರ್ಕ್‌ಶಾಪಿಗೆ ಫೋನ್ ಮಾಡಿ ತಿಳಿಸುವ ಕೆಲಸವನ್ನು ನಾನು ಅವಳಿಗೆ ಬಿಟ್ಟುಕೊಡಲಿಲ್ಲ.